ಅಜ್ಜಿಗೆ ಪ್ರೊಸೆಸರ್ ಚಿಂತೆ

ನವೆಂಬರ್ 4, ಸೋಮವಾರ

ಮೊಮ್ಮಗಳ ಹೋದ ವರ್ಷದ ಗಣಿತದ ನೋಟುಪುಸ್ತಕದಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿವೆ. ಅವಳು ಗಣಿತ ಕಡಿಮೆ ಕಲಿತಳೋ, ಅಕ್ಷರ ಚಿಕ್ಕದಾಗಿ ಬರೆದಳೋ, ನನಗಂತೂ ಲಾಭ. ನನ್ನ ಓದು ಮೂರನೇ ತರಗತಿಗೆ ನಿಂತಿತು, ನಾಲಿಗೆ ನಿಲ್ಲಲಿಲ್ಲ. ಈ ಮನೆಯಲ್ಲಿ ನಾಲಿಗೆಗೆ ಕೆಲಸ ಕಡಿಮೆ. ಆದ್ದರಿಂದ ಕೈಗೆ ಕೊಡುತ್ತಿದ್ದೇನೆ.

ಮನೆಯಲ್ಲಿ ಮೂವರು. ನಾನು, ನನ್ನ ಅಳಿಯಂದಿರು, ಅವರ ಮಗಳು ಚಟಾಕು. ಹುಟ್ಟಿದಾಗ ಚಟಾಕು ಎಣ್ಣೆಯಷ್ಟೇ ಇದ್ದಳು, ಆ ಹೆಸರು ಅಂಟಿಕೊಂಡಿತು. ಈಗ ಹನ್ನೆರಡು ತುಂಬಿದೆ. ಮೈ ನನ್ನ ಭುಜಕ್ಕೆ ಬಂದಿದೆ, ಮಾತು ನನ್ನ ತಲೆಯ ಮೇಲೆ ಹಾದುಹೋಗುತ್ತದೆ. ನನ್ನ ಮಗಳು ಇದ್ದಿದ್ದರೆ ನಾಲ್ವರಾಗುತ್ತಿದ್ದೆವು. ಅದನ್ನು ಬರೆಯುವುದಿಲ್ಲ.

ಅಳಿಯಂದಿರ ಕೆಲಸ ಅಡುಗೆಮನೆಯ ಚಿತ್ರ ಬಿಡಿಸುವುದು. ಪೀಠೋಪಕರಣದ ಅಂಗಡಿಯವರು ಯಾರದೋ ಮನೆಗೆ ಕಪಾಟು ಮಾಡುವ ಮುಂಚೆ, ಅದು ಕೂಡಿಸಿದ ಮೇಲೆ ಹೇಗೆ ಕಾಣುತ್ತದೆ ಎಂದು ಇವರು ಕಂಪ್ಯೂಟರಿನಲ್ಲಿ ತೋರಿಸಬೇಕು. ಇಬ್ಬರ ದುಡಿಮೆಯೂ ಒಂದೇ ಕೋಣೆಯಲ್ಲಿ. ಕಿಟಕಿಯ ಹತ್ತಿರ ನನ್ನ ಹೊಲಿಗೆ ಮಿಶನ್ನು, ಎದುರು ಗೋಡೆಗೆ ಅವರ ಕಂಪ್ಯೂಟರು. ಬೆಳಗಿನಿಂದ ಸಂಜೆಯವರೆಗೆ ಅವರ ಬೆನ್ನು ನನಗೆ, ನನ್ನ ಬೆನ್ನು ಅವರಿಗೆ. ಅತ್ತೆ ಅಳಿಯ ಜಗಳವಾಡದೆ ಬಾಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಲೋಕದಲ್ಲಿಲ್ಲ.

ಇವತ್ತು ಊಟಕ್ಕೆ ಕೂತಾಗ ಅವರಾಗಿಯೇ ಬಾಯಿಬಿಟ್ಟರು.

“ಅತ್ತೆ, ಪ್ರೊಸೆಸರ್ ಬದಲಾಯಿಸ್ಬೇಕು.”

“ಬದಲಾಯಿಸಿ.”

“ರಿಯಾಯಿತಿ ಬಂದಿದೆ. ಆದ್ರೆ ತಿಂಗಳ ಕೊನೆಗೆ ಇನ್ನೂ ಇಳಿಯುತ್ತೆ ಅಂತಾರೆ.”

“ಹಾಗಾದ್ರೆ ಕಾಯಿರಿ.”

ಮಾತು ಮುಗಿಯಿತು. ಪ್ರೊಸೆಸರ್ ಅಂದರೆ ಯಾವ ಪದಾರ್ಥ ಎಂದು ಚಟಾಕನ್ನು ಕೇಳಿದೆ. ಕಂಪ್ಯೂಟರಿನ ಮಿದುಳು ಅಂದಳು. ಬಿಸ್ಕತ್ತಿನಷ್ಟಿರುತ್ತದಂತೆ.

“ಮಿದುಳನ್ನೂ ರಿಯಾಯಿತೀಲಿ ಮಾರ್ತಾರಾ? ಹಾಗಾದ್ರೆ ನಿಮ್ಮ ದೊಡ್ಡಪ್ಪನಿಗೂ ಒಂದು ತರಿಸಿಬಿಡಿ” ಅಂದೆ.

ಅಳಿಯಂದಿರು ತಟ್ಟೆ ನೋಡಿಕೊಂಡೇ ನಕ್ಕರು. ನಕ್ಕರು ಅಂತ ನನ್ನ ಲೆಕ್ಕ. ಕೆಮ್ಮಿದ್ದೂ ಇರಬಹುದು.

ನವೆಂಬರ್ 7, ಗುರುವಾರ

ಕಾಯುವ ವಿದ್ಯೆಯನ್ನು ನನಗೆ ಯಾರೂ ಕಲಿಸಬೇಕಿಲ್ಲ. ಅಂಗಡಿಯವನು ಹೇಳಿದ ಬೆಲೆಗೆ ನಾನು ಒಂದು ಸೂಜಿಯನ್ನೂ ಕೊಂಡವಳಲ್ಲ. ಬೇಕಾದ ಸಾಮಾನನ್ನು ಬೇಡವೆಂಬಂತೆ ನೋಡಬೇಕು. ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಡಬಾರದು. ಕೊಟ್ಟರೆ ನಮ್ಮ ಗರಜು ಎಷ್ಟೆಂದು ಅವನಿಗೆ ತಿಳಿಯುತ್ತದೆ. ಆಮೇಲೆ ಎದ್ದು ನಡೆಯಬೇಕು, ಮೊಣಕಾಲು ನೋವಿನವಳ ಹಾಗೆ ನಿಧಾನವಾಗಿ. ಹೊಸ್ತಿಲು ದಾಟುವ ಮುಂಚೆ ಕರೆಯುತ್ತಾನೆ. ಮಗಳು ನನ್ನ ಜೊತೆ ಪೇಟೆಗೆ ಬರಲು ನಾಚುತ್ತಿದ್ದಳು. ಮನೆಗೆ ಬಂದ ಮೇಲೆ ಮಾತ್ರ ಎಷ್ಟು ಉಳಿಯಿತು ಎಂದು ಮೊದಲು ಕೇಳುತ್ತಿದ್ದವಳೂ ಅವಳೇ.

ಅಳಿಯಂದಿರಿಗೂ ಈ ವಿದ್ಯೆ ಸ್ವಲ್ಪ ಇದ್ದಂತಿದೆ. ದಿನಾ ಬೆಳಿಗ್ಗೆ ಚಹಾ ಲೋಟ ಹಿಡಿದು ಕಂಪ್ಯೂಟರಿನಲ್ಲಿ ಆ ಪ್ರೊಸೆಸರಿನ ಬೆಲೆ ನೋಡುತ್ತಾರೆ. ಇಳಿಯಿತಾ ಅಂದರೆ “ಸ್ವಲ್ಪ”, ತಗೊಳ್ತೀರಾ ಅಂದರೆ “ನೋಡೋಣ”. ಅಪ್ಪನ ಮನೆಯಿಂದ ಬರುವಾಗ ಎರಡೇ ಮಾತು ಕಟ್ಟಿಕೊಂಡು ಬಂದ ಹಾಗಿದೆ.

ಕಂಪ್ಯೂಟರಿಗೆ ವಯಸ್ಸಾಗಿದೆ, ಕೇಳಿದರೇ ಗೊತ್ತಾಗುತ್ತದೆ. ಒಂದು ಅಡುಗೆಮನೆ ತೋರಿಸಲು ಇಡೀ ದಿನ ಏದುಸಿರು ಬಿಡುತ್ತದೆ. ಹಿಂದುಗಡೆಯ ಜಾಲರಿಯಿಂದ ಬಿಸಿಗಾಳಿ. ಅಷ್ಟೊಂದು ಬಿಸಿ ದಂಡವಾಗುವುದು ನನಗೆ ನೋಡಲಾಗಲಿಲ್ಲ. ಗೋಡೆಗೆ ಒಂದು ದಾರ ಕಟ್ಟಿ ಚಟಾಕಿನ ಕಾಲುಚೀಲ ಒಣಹಾಕಿದ್ದೇನೆ. ಈ ಚಳಿಯಲ್ಲಿ ಬೇರೆ ಎಲ್ಲಿಯೂ ಒಣಗುವುದಿಲ್ಲ.

ದಾರ ಅಂದಾಗ ನೆನಪಾಯಿತು. ನನ್ನ ಕೆಂಪು ದಪ್ಪ ದಾರದ ರೀಲು, ಸೋಫಾ ಹೊದಿಕೆಗೆ ಹಾಕುವುದು, ಈ ಮನೆಗೆ ಬಂದ ವರ್ಷವೇ ಕಾಣೆಯಾಯಿತು. ಸಾಮಾನು ಸಾಗಿಸಿದವರು ಅಳಿಯಂದಿರು. ಕೇಳಿದಾಗಲೆಲ್ಲ ತಲೆ ತಗ್ಗಿಸುತ್ತಾರೆ, ಎಲ್ಲಿ ಬಿತ್ತೆಂದು ಹೇಳುವುದಿಲ್ಲ. ಅಂಥ ದಾರ ಈಗ ಬರುವುದೇ ಇಲ್ಲ.

ನವೆಂಬರ್ 13, ಬುಧವಾರ

ಸೋಫಾ ಮೇಡಂ ಬಂದಿದ್ದರು. ಪೀಠೋಪಕರಣದ ಅಂಗಡಿ ಅವರದೇ. ಚಟಾಕು ಇಟ್ಟ ಹೆಸರು ಅದು, ಎದುರಿಗೆ ಹೇಳುವುದಿಲ್ಲ. ಆಕೆ ಕೂತರೆ ನಮ್ಮ ಕುರ್ಚಿಗೆ ಭಯ. ಆದರೆ ಮನಸ್ಸು ಒಳ್ಳೆಯದು. ಮೊದಲು ಕೆಲಸ ಕೊಟ್ಟದ್ದು ನನ್ನ ಮಗಳಿಗೆ. ಆಮೇಲೆ ಗಂಡ ಹೆಂಡತಿ ಇಬ್ಬರೂ ಅದೇ ಕಂಪ್ಯೂಟರಿನಲ್ಲಿ ಸರದಿ ಹಾಕಿಕೊಂಡು ಮಾಡುತ್ತಿದ್ದರು.

“ಅಜ್ಜಿ, ನಿಮ್ಮ ಅಳಿಯನ ಕೈ ಚಿನ್ನ. ಆ ಡಬ್ಬ ಮಾತ್ರ ಎಮ್ಮೆ” ಅಂದರು.

ವಿಷಯ ಇದು. ಒಂದು ಹೊಸ ಕಟ್ಟಡ, ಅದರ ಅಷ್ಟೂ ಮನೆಗಳ ಅಡುಗೆಮನೆ ಒಟ್ಟಿಗೆ ಮಾಡಿಸುತ್ತಾರಂತೆ. ಡಿಸೆಂಬರ್ ಆರನೇ ತಾರೀಕು ಮಾದರಿ ತೋರಿಸಬೇಕು. ಬರೀ ಚಿತ್ರ ಸಾಲದು.

“ಬಾಗಿಲು ತೆಗೆದು ಒಳಗೆ ನಡ್ಕೊಂಡು ಹೋದ ಹಾಗೆ ಕಾಣ್ಬೇಕು, ಕಪಾಟು ಎಳೆದ ಹಾಗೆ ಕಾಣ್ಬೇಕು” ಎಂದು ಅಳಿಯಂದಿರ ಕಡೆ ತಿರುಗಿದರು. “ಇದರಲ್ಲಿ ಆಗುತ್ತಾ?”

“ಪ್ರೊಸೆಸರ್ ಹಾಕ್ತೀನಿ, ಆಗುತ್ತೆ.”

“ಯಾವಾಗ ಹಾಕ್ತೀಯಪ್ಪ?”

“ಬೆಲೆ ನೋಡ್ತಿದೀನಿ.”

ಮೇಡಂ ಚಹಾ ಮುಗಿಸಿ ಲೋಟ ಮೆಲ್ಲಗೆ ಇಟ್ಟರು. “ಆಗಿಲ್ಲಾಂದ್ರೆ ನಾನು ಬೇರೆಯವ್ರಿಗೆ ಕೊಡಬೇಕಾಗುತ್ತೆ. ಈ ಮನೇಲಿ ಕೂತು ಈ ಮಾತು ಹೇಳೋಕೆ ನನಗೂ ಸಂಕಟ. ಇದು ಹೋದ್ರೆ ಮುಂದಿನ ಕೆಲಸಾನೂ ಅವ್ರಿಗೇ ಹೋಗುತ್ತೆ.”

ಅವರು ಹೋದ ಮೇಲೆ ಅಳಿಯಂದಿರು ಬಹಳ ಹೊತ್ತು ಕಂಪ್ಯೂಟರಿನ ಪಕ್ಕ ಒರೆಸುತ್ತ ಕೂತಿದ್ದರು. ಒರೆಸಿದರೆ ಓಡುತ್ತದೆಯೇ?

ನವೆಂಬರ್ 14, ಗುರುವಾರ

ಅಜ್ಜಿಗೆ ಅರಿವೆ ಚಿಂತೆ ಅನ್ನುತ್ತಾರೆ. ಅರಿವೆ ಹೊಲಿಯುವವಳಾಗಿ ನನಗೆ ಪ್ರೊಸೆಸರ್ ಚಿಂತೆ. ಹೊಲಿಯುತ್ತಿದ್ದ ಕಿಟಕಿ ಪರದೆಯ ಅಂಚು ಎರಡು ಸಲ ಸೊಟ್ಟ ಹೋಯಿತು.

ನವೆಂಬರ್ 20, ಬುಧವಾರ

ಇವತ್ತು ಬೆಲೆ ಧುಮುಕಿದೆ. ಚಟಾಕು ಶಾಲೆಗೆ ಹೊರಡುವ ಮುಂಚೆ ನೋಡಿ ಕೂಗಿದಳು: “ಅಪ್ಪಾ, ಇಷ್ಟು ಕಡಿಮೆ ಯಾವತ್ತೂ ಇರ್ಲಿಲ್ಲ! ತಗೋ, ತಗೋ, ಒತ್ತು!”

ಅಳಿಯಂದಿರು ಕೈ ಮುಂದೆ ಚಾಚಿದರು. ನಾನು ಮಿಶನ್ನು ನಿಲ್ಲಿಸಿ ತಿರುಗಿ ನೋಡುತ್ತಿದ್ದೆ. ಆ ಕೈ ಅಲ್ಲೇ ನಿಂತಿತು. ಬಿಸಿ ಪಾತ್ರೆ ಮುಟ್ಟುವ ಮುಂಚೆ ನಿಲ್ಲುತ್ತದಲ್ಲ, ಹಾಗೆ.

“ನಾಳೆ ಇನ್ನೂ ಇಳೀಬಹುದು” ಅಂದರು.

ನನಗೆ ರೇಗಿತು. “ನೋಡಿ, ನಾನು ಜಿಪುಣಿ, ಒಪ್ಪಿಕೊಳ್ತೀನಿ. ಆದ್ರೆ ಜಿಪುಣಿಗೂ ಒಂದು ಧರ್ಮ ಇದೆ. ಸಾಮಾನು ಕೈಗೆ ಬಂದಾಗ ಕೈ ಮುಚ್ಚಬೇಕು. ನೀವು ಮಾಡ್ತಿರೋದು ಚೌಕಾಸಿಯಲ್ಲ, ಏನೋ ಬೇರೆ.”

ಚಹಾ ಲೋಟ ಎತ್ತಿಕೊಂಡು ತಿರುಗಿ ಕೂತರು. ಈ ಮನುಷ್ಯನ ಜೊತೆ ಜಗಳಕ್ಕೆ ನಿಂತರೆ ಕಂಬದ ಜೊತೆ ಕೋಲಾಟ ಆಡಿದ ಹಾಗೆ, ಏಟೆಲ್ಲ ನಮ್ಮ ಕೈಗೇ.

ನವೆಂಬರ್ 21, ಗುರುವಾರ

ಇಳಿಯಲಿಲ್ಲ. ಏರಿತು. ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟೆ ಅಷ್ಟೆ.

ನವೆಂಬರ್ 25, ಸೋಮವಾರ

ಆ ಪ್ರೊಸೆಸರು ಮುಗಿದುಹೋಯಿತಂತೆ. ಎಲ್ಲಿಯೂ ಇಲ್ಲ. ಅದು ಹಳೆಯ ಮಾದರಿ, ಇನ್ನು ತಯಾರಿಸುವುದೂ ಇಲ್ಲವಂತೆ.

“ಬೇರೆ ಸಿಗಲ್ವಾ?”

“ನನಗೆ ಅದೇ ಬೇಕಿತ್ತು ಅತ್ತೆ. ಬೇರೆದು ಆಗಲ್ಲ.”

ಅಂಗಡಿ ತುಂಬ ಬಟ್ಟೆಯಿದ್ದರೂ ಅದೇ ಬಣ್ಣ ಬೇಕು ಅಂತ ಕೂತ ಮದುಮಗಳ ಹಾಗೆ! ಆದರೆ ಒಂದು ಸಂಗತಿ ಬರೆದಿಡಬೇಕು. ಮುಗಿದುಹೋಯಿತು ಅಂತ ಹೇಳುವಾಗ ಅವರ ಮುಖ ಹಗುರವಾಗಿತ್ತು. ಪರೀಕ್ಷೆ ಮುಂದೆ ಹೋಯಿತೆಂದು ತಿಳಿದ ಹುಡುಗನ ಮುಖ. ಕೆಲಸ ಕೈತಪ್ಪುವವರಿಗೆ ಯಾಕೆ ಅಂಥ ಮುಖ? ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದು ನನಗೆ ಹಿಡಿಸುವುದಿಲ್ಲ.

ಸಂಜೆ ಚಟಾಕು ನನ್ನ ಮಡಿಲಿಗೆ ತಲೆಯಿಟ್ಟು, “ಅಜ್ಜಿ, ಸೋಫಾ ಮೇಡಂ ಬಿಟ್ಟುಬಿಟ್ರೆ ಅಪ್ಪ ಏನು ಮಾಡ್ತಾನೆ?” ಅಂದಳು. ಅವಳಿಗೂ ತಿಳಿಯುತ್ತದೆ.

“ನಿಮ್ಮಪ್ಪನಿಗೆ ಗುಂಡಿ ಹಾಕೋದು ಕಲಿಸ್ತೀನಿ” ಅಂದೆ. ನಕ್ಕಳು. ನನಗೆ ನಗು ಬರಲಿಲ್ಲ.

ನವೆಂಬರ್ 26, ಮಂಗಳವಾರ

ಕಾದದ್ದು ಸಾಕು. ನಾಳೆ ಪರದೆ ಕೊಟ್ಟು ಬರುತ್ತೇನೆ ಅಂತ ಹೇಳಿ ಹೊರಡುತ್ತೇನೆ. ಪರದೆಯೇನೋ ಕೊಡುವುದಿದೆ. ಸುಳ್ಳಲ್ಲ.

ನವೆಂಬರ್ 27, ಬುಧವಾರ

ಕೋಪ ಬರುತ್ತಿದೆಯೋ ನಗುವೋ, ತಿಳಿಯುತ್ತಿಲ್ಲ. ಮೊದಲಿನಿಂದ ಬರೆಯುತ್ತೇನೆ.

ಕಂಪ್ಯೂಟರ್ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಯ ಮೇಲೆ. ಮೆಟ್ಟಿಲು ಕಡಿದು. ಒಳಗೆ ಗೋಡೆ ತುಂಬ ಡಬ್ಬಗಳು, ಹಿಂದೆ ಒಬ್ಬ ಗಡ್ಡದವನು. ಪ್ರೊಸೆಸರ್ ಬೇಕು ಅಂದೆ. ಅವನು ನನ್ನನ್ನು ನೋಡಿ, ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿದ.

“ಯಾರಿಗೆ ಅಜ್ಜಿ?”

ಪ್ರಶ್ನೆಗೆ ಉತ್ತರ ಕೊಡಬಾರದು. “ಯಾವುದಿದೆ ತೋರಿಸು.”

ಎರಡು ಇಟ್ಟ. ಒಂದರ ಮೇಲೆ ಕೆಂಪು ಚೀಟಿ, ರಿಯಾಯಿತಿ, ಈ ವಾರ ಮಾತ್ರ. ಅದು ಹೊಸದು, ಚುರುಕು, ಮಾಮೂಲು ಬೆಲೆ ಬಹಳ ಜಾಸ್ತಿ ಅಂದ. ಅಳಿಯಂದಿರು ಕಾಯುತ್ತಿದ್ದ ಹಳೆಯದಕ್ಕಿಂತ ಬೆಲೆಯಲ್ಲಿ ಒಂದು ಚೂರಷ್ಟೇ ಹೆಚ್ಚು. ಹೊಸ ಬಟ್ಟೆ ಹಳೆಯ ಬಟ್ಟೆಯ ಬೆಲೆಗೆ ಸಿಕ್ಕರೆ ಯಾರು ಬಿಡುತ್ತಾರೆ?

“ನಿಮ್ಮ ಬೋರ್ಡ್ ಯಾವುದು ಅಜ್ಜಿ?” ಅಂತ ಕೇಳಿದ.

ಇವನ ಆಟ ನನಗೆ ಗೊತ್ತಾಯಿತು. ಚಪ್ಪಲಿ ಕೇಳಿದರೆ ಪಾಲಿಶು ಮಾರುವವನ ಜಾತಿ. “ಬೋರ್ಡ್ ಎಲ್ಲ ಮನೇಲಿದೆ. ನಿನ್ನ ಬೋರ್ಡ್ ಬೇಡ. ಇದಕ್ಕೆ ಕೊನೆ ಮಾತು ಹೇಳು.”

“ಅಜ್ಜಿ, ಇದೇ ಕೊನೆ ಮಾತು. ಚೀಟಿ ಮೇಲಿದೆಯಲ್ಲ.”

ಸರಿ, ಎದ್ದೆ. ಮೊಣಕಾಲು ಹಿಡಿದುಕೊಂಡು ಬಾಗಿಲಿಗೆ ನಡೆದೆ. ಕರೆಯಲಿಲ್ಲ. ಹೊಸ್ತಿಲು ದಾಟಿದೆ. ಕರೆಯಲಿಲ್ಲ. ಮೂರು ಮೆಟ್ಟಿಲು ಇಳಿದೆ. ಕರೆಯಲಿಲ್ಲ! ಈ ವಯಸ್ಸಿನಲ್ಲಿ ನನಗೆ ಇಂಥ ಅವಮಾನ ಆಗಿದ್ದು ಇದೇ ಮೊದಲು. ಮೆಟ್ಟಿಲ ಮೇಲೆ ನಿಂತು ಯೋಚಿಸಿದೆ. ಛತ್ರಿ ಕೈಯಲ್ಲಿತ್ತು. ಅದನ್ನು ಚೀಲದೊಳಗೆ ತುರುಕಿ, ವಾಪಸ್ಸು ಹತ್ತಿ, “ನನ್ನ ಛತ್ರಿ ಇಲ್ಲೇ ಬಿಟ್ಟೆ ಅನ್ಸುತ್ತೆ” ಅಂದೆ.

ಅವನು ಚೀಲದಿಂದ ಇಣುಕುತ್ತಿದ್ದ ಛತ್ರಿಯ ಹಿಡಿ ನೋಡಿದ. ಪುಣ್ಯಾತ್ಮ, “ಹುಡುಕಿ ಅಜ್ಜಿ” ಅಂತ ಸ್ಟೂಲು ಕೊಟ್ಟ. ಸ್ವಲ್ಪ ಹೊತ್ತು ಹುಡುಕಿದೆ.

ಕೊನೆಗೆ ಬೆಲೆ ಇಳಿಸಲಿಲ್ಲ, ಒಂದು ಪುಟ್ಟ ಪೇಸ್ಟ್ ಟ್ಯೂಬು ಪುಕ್ಕಟೆ ಹಾಕಿದ. “ನನಗಿರೋದೇ ನಾಲ್ಕು ಹಲ್ಲು, ಪೇಸ್ಟ್ ಯಾಕಪ್ಪ?” ಅಂದೆ. ಪ್ರೊಸೆಸರಿನ ತಲೆಗೆ ಸವರುವುದಂತೆ, ಬಿಸಿ ಮೇಲಿನ ಫ್ಯಾನಿಗೆ ಹೋಗಲು. ಗೆದ್ದವಳ ಹಾಗೆ ಮನೆಗೆ ಬಂದೆ. ಪುಕ್ಕಟೆ ಅಂದರೆ ಪುಕ್ಕಟೆಯೇ.

ಅಳಿಯಂದಿರ ಮುಂದೆ ಡಬ್ಬ ಇಟ್ಟೆ. ಅವರು ಅದರ ಮೇಲಿನ ನಂಬರು ಓದಿದರು. ತಿರುಗಿಸಿ ಮತ್ತೆ ಓದಿದರು. ಆಮೇಲೆ ನಗಲು ಶುರು ಮಾಡಿದರು. ಕೆಮ್ಮಲ್ಲ, ನಗು. ಭುಜ ಕುಣಿಯಿತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚಟಾಕು ಓಡಿ ಬಂದು ನೋಡಿ, “ಅಯ್ಯೋ ಅಜ್ಜಿ, ಇದು ನಮ್ಮ ಬೋರ್ಡಿಗೆ ಕೂರಲ್ಲ!” ಅಂದಳು. ಪ್ರೊಸೆಸರ್ ಕೂರುವ ತಟ್ಟೆಗೆ ಬೋರ್ಡ್ ಅನ್ನುತ್ತಾರಂತೆ. ಹಳೆಯ ಬೋರ್ಡಿಗೆ ಹಳೆಯದೇ ಆಗಬೇಕು, ಹೊಸದರ ಅಡಿಯೇ ಬೇರೆ.

ನಗು ನಿಂತ ಮೇಲೆ ಅಳಿಯಂದಿರ ಮುಖ ಕೆಂಪಾಯಿತು. “ಅತ್ತೆ, ನೀವು ಅಳತೆ ತಗೊಳ್ಳದೆ ಬಟ್ಟೆ ಕತ್ತರಿಸ್ತೀರಾ? ಯಾರನ್ನೂ ಕೇಳದೆ ಕತ್ತರಿಸ್ತೀರಾ? ಹೇಳಿ!”

ಮನೆಯೊಳಗೆ ಅಷ್ಟು ಎತ್ತರದ ದನಿ ಕೇಳಿ ಎಷ್ಟು ಕಾಲವಾಯಿತು! ಹೇಳಿದ್ದು ಸರಿಯಾಗಿಯೇ ಇತ್ತು. ಈ ಅಳಿಯನಿಗೆ ಬಯ್ಯಲು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಚೆನ್ನಾಗಿ ಬಯ್ಯುತ್ತಾರೆ.

ನವೆಂಬರ್ 28, ಗುರುವಾರ

ಬೆಳಿಗ್ಗೆ ಡಬ್ಬ ವಾಪಸ್ಸು ಕೊಡಲು ಹೋದರು. ಮಧ್ಯಾಹ್ನ ಬಂದರು. ಕೈಯಲ್ಲಿ ಒಂದರ ಬದಲು ಎರಡು ಡಬ್ಬ.

“ಯಾಕೆ, ವಾಪಸ್ ತಗೊಳ್ಳಲಿಲ್ವಾ?”

“ತಗೊಳ್ತೀನಿ ಅಂದ. ನಾನೇ ಕೊಡ್ಲಿಲ್ಲ.”

“ಯಾಕೆ?”

“ನೀವು ಛತ್ರಿ ಹುಡುಕಿದ್ದನ್ನ ಹೇಳಿದ.” ಮತ್ತೆ ಆ ಭುಜ ಕುಣಿಯಿತು. “ಚೀಲದಲ್ಲಿ ಛತ್ರಿ ಇಟ್ಕೊಂಡು ಸ್ಟೂಲ್ ಕೆಳಗೆಲ್ಲ ಹುಡುಕಿದ್ರಂತೆ. ಅಷ್ಟು ಕಷ್ಟಪಟ್ಟು ತಂದಿದ್ದನ್ನ ನಾನು ಹೇಗೆ ವಾಪಸ್ ಕೊಡ್ಲಿ?”

ಎರಡನೇ ಡಬ್ಬದಲ್ಲಿ ಹೊಸ ಬೋರ್ಡು. ಸರಿಯಾದ ಅಳತೆಯದು. ನಾನು ಚೌಕಾಸಿ ಮಾಡಿದಿರಾ ಅಂತ ಕೇಳಲಿಲ್ಲ. ಕೇಳಬೇಕು ಅಂತ ಬಾಯಿ ತುದಿಗೆ ಬಂದಿತ್ತು.

ನವೆಂಬರ್ 29, ಶುಕ್ರವಾರ

ಎರಡೂ ಡಬ್ಬ ಮೇಜಿನ ಮೇಲೆಯೇ ಇವೆ. ಅಳಿಯಂದಿರು ಕಂಪ್ಯೂಟರ್ ಒರೆಸುತ್ತಿದ್ದಾರೆ.

ನವೆಂಬರ್ 30, ಶನಿವಾರ

ಇವತ್ತು ಚಟಾಕಿಗೆ ರಜೆ. ಬೆಳಿಗ್ಗೆಯೇ ಕಂಪ್ಯೂಟರನ್ನು ಕಿಟಕಿಯ ಬಳಿ ಬೆಳಕಿಗೆ ತಂದು, ನನ್ನ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದರು. ಕೈಯಲ್ಲಿ ಸ್ಕ್ರೂಡ್ರೈವರ್. ಕೂತರು. ಕೂತೇ ಇದ್ದರು. ನಾನು ಒಂದು ದಿಂಬಿನ ಚೀಲ ಹೊಲಿದು ಮುಗಿಸಿದೆ, ಅವರು ಒಂದು ತಿರುಪನ್ನೂ ತಿರುಗಿಸಿರಲಿಲ್ಲ.

“ಬರಲ್ವಾ?” ಅಂದೆ.

“ಬರುತ್ತೆ.”

“ಮತ್ತೆ?”

ಸ್ಕ್ರೂಡ್ರೈವರ್ ಕೆಳಗಿಟ್ಟರು. “ಇದನ್ನ ಅವಳು ಜೋಡಿಸಿದ್ದು. ಒಂದೊಂದೂ ಅವಳೇ ಕೂರಿಸಿದ್ದು. ಕೊನೇ ಸಲ ಧೂಳು ಹೊಡೆದು ಮುಚ್ಚಿದ್ದೂ ಅವಳೇ. ಆಮೇಲೆ ನಾನು ತೆಗೆದಿಲ್ಲ ಅತ್ತೆ. ಹಳೇ ಮಾದರಿದೇ ಆದ್ರೆ ಬರೀ ಅದೊಂದು ಬದಲಾಯಿಸಿ ಮುಚ್ಚಿಬಿಡಬಹುದು ಅಂತಿದ್ದೆ. ಅದಕ್ಕೂ ಕೈ ಬರ್ಲಿಲ್ಲ. ಈಗ ಬೋರ್ಡೇ ಬದಲಾಗ್ಬೇಕು. ವೈರ್ ಎಲ್ಲ ಬಿಚ್ಚಬೇಕು.”

ಅಂದರೆ ಬೆಲೆಯಲ್ಲ. ಯಾವತ್ತೂ ಬೆಲೆ ಆಗಿರಲಿಲ್ಲ. ನಾನು ಪೇಟೆಯೆಲ್ಲ ಅರೆದು ಕುಡಿದವಳು, ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೆ, ಇದನ್ನು ನೋಡಲಿಲ್ಲ. ಬೆನ್ನು ಕೊಟ್ಟರೆ ಹೇಗೆ ಕಾಣಬೇಕು?

ನಾನು ಮಿಶನ್ನಿನಿಂದ ಎದ್ದೆ. “ಸರಿ, ಏಳೋ. ಆ ಕಡೆ ಸ್ವಲ್ಪ ಸರಿ. ನನ್ನ ಮಗಳು ಮುಚ್ಚಿದ್ದನ್ನ ನಾನು ತೆಗೀತೀನಿ. ಹೆತ್ತವಳು ತೆಗೆದ್ರೆ ಏನೂ ಆಗಲ್ಲ. ಯಾವ ಕಡೆ ತಿರುಗಿಸ್ಬೇಕು ಹೇಳು.”

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಯಾಕೋ ಗೊತ್ತಿಲ್ಲ. ಆಮೇಲೆ ಸರಿದು ಜಾಗ ಕೊಟ್ಟ. “ಎಡಕ್ಕೆ” ಅಂದ.

ನಾಲ್ಕು ತಿರುಪು. ಪಕ್ಕದ ತಗಡು ಎಳೆದೆವು. ಧೂಳು ಅಂದರೆ ಧೂಳು, ಹಾಸಿಗೆಯ ಹತ್ತಿಯ ಹಾಗೆ. ಚಟಾಕು ಬ್ರಶ್ಶು ಹಿಡಿದು ಮೆಲ್ಲಗೆ ಗುಡಿಸಿದಳು. ಧೂಳು ಹೋದ ಮೇಲೆ ಒಳಗೆ ಕೆಂಪು ಕಂಡಿತು.

ವೈರುಗಳನ್ನೆಲ್ಲ ಅಂದವಾಗಿ ಒಂದುಗೂಡಿಸಿ, ನಡುನಡುವೆ ದಾರ ಸುತ್ತಿ ಗಂಟು ಹಾಕಿತ್ತು. ಕೆಂಪು ದಪ್ಪ ದಾರ. ನನ್ನದು. ಗಂಟೂ ನನ್ನದೇ. ಕೋಟಿನ ಗುಂಡಿ ಭದ್ರ ಮಾಡುವ ಗಂಟು: ಎರಡು ಸುತ್ತು, ಒಳಗಿಂದ ಒಂದು ಎಳೆ, ತುದಿ ಹಲ್ಲಿನಲ್ಲಿ ಕಡಿಯಬೇಕು. ಮಗಳು ಚಟಾಕಿಗಿಂತ ಚಿಕ್ಕವಳಿದ್ದಾಗ ಇದೇ ಮಿಶನ್ನಿನ ಪಕ್ಕ ಕೂರಿಸಿಕೊಂಡು ಕಲಿಸಿದ್ದೆ. ಕತ್ತರಿ ಇರುವಾಗ ಹಲ್ಲು ಯಾಕಮ್ಮ ಅಂತ ಕೇಳಿದ್ದಳು. ದಾರದ ತುದಿಗಳಲ್ಲಿ ಈಗಲೂ ಹಲ್ಲಿನ ಗುರುತು. ಚಪ್ಪಟೆ.

“ನನ್ನ ರೀಲು!” ಅಂದೆ. ಬೇರೇನಾದರೂ ಅನ್ನಬಹುದಿತ್ತು, ಬಾಯಿಗೆ ಬಂದದ್ದು ಅದೇ. “ನನ್ನ ರೀಲು ಇಲ್ಲಿದೆ! ಇಷ್ಟು ವರ್ಷ ನಿನ್ನನ್ನ ಬೈದೆನಲ್ಲೋ! ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಬಾಯಿಬಿಟ್ಟು ಹೇಳಬಾರದಾ?”

“ಅಮ್ಮನಿಗೆ ಹೇಳ್ಬೇಡ ಅಂದಿದ್ಳು. ನಿಮಗೆ ಗೊತ್ತಾದ್ರೆ ಚರ್ಮ ಸುಲೀತೀರಿ ಅಂತ.”

“ಅವಳು ಹೋದ ಮೇಲಾದ್ರೂ?”

“ಇನ್ನು ಹೇಳಬಹುದು ಅಂತ ಅವಳು ಹೇಳ್ಲಿಲ್ಲವಲ್ಲ ಅತ್ತೆ.”

ಧೂಳಿಗೆ ಮೂವರ ಕಣ್ಣಲ್ಲೂ ನೀರು. ಅಷ್ಟು ಧೂಳು ಯಾರ ಮನೆಯಲ್ಲೂ ಇರಬಾರದು.

ಆಮೇಲೆ ಅವನು ಒಂದು ದಾರ ಮುಟ್ಟಿ, “ಬಿಚ್ಚಿದ್ರೆ ಮತ್ತೆ ಹೀಗೆ ಕಟ್ಟೋಕೆ ನನಗೆ ಬರಲ್ಲ” ಅಂದ.

“ನಿನಗೆ ಯಾಕೆ ಬರ್ಬೇಕು? ನಾನು ಸತ್ತಿದೀನಾ?”

ಸೂಜಿಯ ಹಿಂಬದಿಯಿಂದ ಒಂದೊಂದೇ ಗಂಟು ಸಡಿಲಿಸಿದೆ, ಕತ್ತರಿಸಲಿಲ್ಲ. ದಾರಗಳನ್ನು ಚಟಾಕು ಅಂಗೈ ಮೇಲೆ ಸಾಲಾಗಿ ಹಿಡಿದು ನಿಂತಳು. ಅವನು ಹಳೆಯ ಬೋರ್ಡು ಎತ್ತಿದ, ಹೊಸದು ಕೂರಿಸಿದ, ನಾನು ತಂದ ಮಿದುಳನ್ನು ಅದರಲ್ಲಿಟ್ಟ. ನಿಜವಾಗಿಯೂ ಬಿಸ್ಕತ್ತಿನಷ್ಟೇ. ಪುಕ್ಕಟೆ ಪೇಸ್ಟು ಸವರಿದ. ಅವನು ಬೆರಳಲ್ಲಿ ವೈರು ಹಿಡಿದುಕೊಂಡ ಕಡೆ ನಾನು ಅದೇ ದಾರ ಸುತ್ತಿ ಅದೇ ಗಂಟು ಹಾಕಿದೆ. ಇರುವ ನಾಲ್ಕು ಹಲ್ಲಿನಲ್ಲಿ ಎರಡು ಉಪಯೋಗಕ್ಕೆ ಬಂದವು. ಒಂದು ಕಡೆ ಮಾತ್ರ ದಾರ ಗಿಡ್ಡವಾಯಿತು. ಅಲ್ಲಿಗೆ ಚಟಾಕು ನನ್ನ ಪೆಟ್ಟಿಗೆಯಿಂದ ನೀಲಿ ದಾರ ತಂದಳು. ಆ ಗಂಟು ನಾನೇ ಹಾಕ್ತೀನಿ ಅಂದಳು. ಹೇಳಿಕೊಟ್ಟೆ. ಸೊಟ್ಟಗೆ ಬಂದಿದೆ, ಆದರೆ ಭದ್ರ.

ಗುಂಡಿ ಒತ್ತಿದರೆ ಉಸಿರೇ ಇಲ್ಲ. ಅವನ ಮುಖ ಬಿಳಿಚಿತು. ನೋಡಿದರೆ ನಾನು ಗಂಟು ಬಿಗಿದ ರಭಸಕ್ಕೆ ಒಂದು ವೈರು ಹೊರಗೆ ಕಿತ್ತು ಬಂದಿತ್ತು. “ಅಜ್ಜಿ, ಕೋಟಿನ ಗುಂಡಿಯಲ್ಲ ಇದು!” ಅಂದಳು ಚಟಾಕು. ಸಿಕ್ಕಿಸಿ ಒತ್ತಿದಾಗ ಫ್ಯಾನು ತಿರುಗಿತು. ಮೂವರೂ ಹೊಸ ಮಗುವಿನ ಅಳು ಕೇಳಿದವರ ಹಾಗೆ ಹಲ್ಲು ಕಿರಿದೆವು.

ಡಿಸೆಂಬರ್ 1, ಭಾನುವಾರ

ಮಧ್ಯಾಹ್ನದವರೆಗೆ ಮಲಗಿದ್ದ. ಎಬ್ಬಿಸಲಿಲ್ಲ. ಊಟ ಮುಚ್ಚಿಟ್ಟಿದ್ದೆ, ಎರಡು ಸಲ ಬಡಿಸಿಕೊಂಡ.

ಡಿಸೆಂಬರ್ 6, ಶುಕ್ರವಾರ

ಸೋಫಾ ಮೇಡಂ ಕಟ್ಟಡದವರನ್ನೂ ಕರೆದುಕೊಂಡೇ ಬಂದಿದ್ದರು. ನಾನು ಮಿಶನ್ನನ್ನು ಅಡ್ಡ ತಿರುಗಿಸಿಕೊಂಡಿದ್ದೇನೆ. ಕಿಟಕಿಯ ಬೆಳಕು ಎಡಗಡೆಯಿಂದ ಬಿದ್ದರೆ ನನ್ನ ಕಣ್ಣಿಗೆ ಹಿತ. ಹಾಗಾಗಿ ಕೂತಲ್ಲಿಂದಲೇ ಎಲ್ಲ ಕಂಡಿತು.

ತೆರೆಯ ಮೇಲೆ ಬಾಗಿಲು ತೆರೆಯಿತು. ನಾವೇ ನಡೆದುಹೋದ ಹಾಗೆ ನೋಟ ಒಳಗೆ ಹೋಯಿತು. ಕಪಾಟು ತಾನಾಗಿ ತೆರೆದುಕೊಂಡಿತು, ನಲ್ಲಿಯ ಮೇಲೆ ಬೆಳಕು ಬಿತ್ತು. ಒಂದು ಕಡೆಯೂ ಏದುಸಿರಿಲ್ಲ. ಕಟ್ಟಡದವರು ಒಂದು ಕಪಾಟಿನ ಬಣ್ಣ ಬದಲಾಯಿಸಿ ನೋಡಬಹುದಾ ಅಂದರು. ಅವರ ಮಾತು ಮುಗಿಯುವ ಮುಂಚೆ ಬದಲಾಯಿಸಿ ತೋರಿಸಿದ. ಆ ದನಿ, ಆ ವಿವರಣೆ! ಎರಡೇ ಮಾತಿನ ಮನುಷ್ಯ ಅಂತ ಯಾರು ಹೇಳಿದ್ದು?

“ಮೇಲಿನ ಕಪಾಟು ಬಹಳ ಎತ್ತರ ಆಯ್ತು” ಅಂತ ನಾನು ಕೂತಲ್ಲಿಂದ ಹೇಳಿದೆ. ಸುಮ್ಮನಿರಲು ಆಗಲಿಲ್ಲ. “ನನ್ನಂಥವಳು ಸ್ಟೂಲು ಹತ್ತಬೇಕಾ?”

ಕಟ್ಟಡದವರು ನಕ್ಕರು. ಅವನು ಅದನ್ನೂ ಇಳಿಸಿದ. ಕೆಲಸ ಸಿಕ್ಕಿತು. ಅಷ್ಟೂ ಮನೆಗಳು. ಹೊರಡುವಾಗ ಮೇಡಂ ನನ್ನ ಕೈ ಹಿಡಿದು, “ಅಜ್ಜಿ, ಅಂತೂ ಎಮ್ಮೆ ಮಾರಿ ಕುದುರೆ ತಂದ್ರಿ” ಅಂದರು.

“ಎಮ್ಮೆ ಮಾರಿಲ್ಲ ಮೇಡಂ. ಅದೇ ಎಮ್ಮೆಗೆ ಓಡೋದು ಕಲಿಸಿದೀವಿ” ಅಂದೆ.

ಡಿಸೆಂಬರ್ 14, ಶನಿವಾರ

ಚಳಿ ಹೆಚ್ಚಿದೆ. ಹೊಸ ಪ್ರೊಸೆಸರಿನಿಂದ ಬಿಸಿಗಾಳಿಯೇ ಬರುವುದಿಲ್ಲ. ಚಟಾಕಿನ ಕಾಲುಚೀಲ ಮೂರು ದಿನದಿಂದ ಹಸಿ. ಇದನ್ನು ಮಾರುವವರು ಮೊದಲೇ ಹೇಳಬೇಕಿತ್ತು.

ಬೆಳಿಗ್ಗೆ ಚಹಾ ಹಿಡಿದು ಕೂತವನು ಒಮ್ಮೆಲೇ ತಲೆಗೆ ಕೈ ಹಚ್ಚಿದ. “ಅತ್ತೆ, ಬೇಜಾರು ಮಾಡ್ಕೋಬೇಡಿ. ನೀವು ತಂದ ಪ್ರೊಸೆಸರು. ಇವತ್ತು ಬೆಲೆ ಇನ್ನೂ ಇಳಿದಿದೆ. ಬಹಳ ಇಳಿದಿದೆ.”

ಚಟಾಕು ಹಲ್ಲುಜ್ಜುವುದನ್ನು ನಿಲ್ಲಿಸಿ, ನಾನು ಸಿಡಿಯುವುದನ್ನು ನೋಡಲು ಬಾಗಿಲಿಗೆ ಬಂದು ನಿಂತಳು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಒಂದೇ ಸಲಕ್ಕೆ ಹೋಯಿತು.

“ಇಳೀಲಿ ಬಿಡು ಮಗ” ಅಂದೆ. “ಚಹಾ ಆರೋಗ್ತಿದೆ, ಕುಡಿ.”